18 ದಿನ ಆಯಿತು, ನನ್ನ ಕೊಂಬುಚಾ ಇನ್ನೂ ಪಾನಕವೇ! ಮೇಲೆ ಬಿಳಿ ಚುಕ್ಕೆ ಬೇರೆ

ರಾಜಾಜಿನಗರ_ಹೊಸಬ · ಜನವರಿ 6, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಫೀಸ್ ಹತ್ತಿರ ಒಂದು ಕೆಫೆಯಲ್ಲಿ ಬಾಟಲಿಗೆ 180 ರೂಪಾಯಿ ಕೊಟ್ಟು ಕೊಂಬುಚಾ (ಸಿಹಿ ಟೀಯನ್ನು ಹುಳಿ ಬರಿಸಿ ಮಾಡುವ ಪಾನೀಯ) ಕುಡಿಯುವ ಅಭ್ಯಾಸ ಆಗಿತ್ತು. ವಾರಕ್ಕೆ ಮೂರು. ಮನೆಯವಳು ತಿಂಗಳ ಲೆಕ್ಕ ಬರೆದು ಫ್ರಿಜ್ ಮೇಲೆ ಅಂಟಿಸಿದಳು. ಸರಿ, ಮನೆಯಲ್ಲೇ ಮಾಡೋಣ ಅಂತ ಆನ್‌ಲೈನ್‌ನಲ್ಲಿ ಸ್ಕೋಬಿ, ಅಂದರೆ ಟೀ ಹುಳಿ ಬರಿಸಲು ಹಾಕುವ ಬಿಲ್ಲೆ, ತರಿಸಿದೆ. ಪೊಟ್ಟಣದಲ್ಲಿ ದಪ್ಪ ನೀರುದೋಸೆಯ ಥರ ಒಂದು ಬಿಲ್ಲೆ, ಜೊತೆಗೆ ಎರಡು ಚಮಚ ನೀರು. 3 ಲೀಟರಿನ ಗಾಜಿನ ಜಾಡಿಗೆ ಎರಡೂವರೆ ಲೀಟರ್ ಟೀ, 200 ಗ್ರಾಂ ಸಕ್ಕರೆ, ಆರಿದ ಮೇಲೆ ಬಿಲ್ಲೆ. ಬಟ್ಟೆ ಕಟ್ಟಿ ಅಡುಗೆಮನೆ ಕಿಟಕಿ ಹತ್ತಿರ ಇಟ್ಟೆ.

ಇವತ್ತಿಗೆ 18 ದಿನ. ರುಚಿ ನೋಡಿದರೆ ರಾಮನವಮಿ ಪಾನಕ. ಬಿಲ್ಲೆ ತಳಕ್ಕೆ ಹೋಗಿ ಕೂತಿದೆ. ಮೇಲೆ ತೆಳ್ಳಗೆ ಪೊರೆ, ಅದರ ಮೇಲೆ ಮೂರ್ನಾಲ್ಕು ಬಿಳಿ ಚುಕ್ಕೆ. ಬಿಲ್ಲೆ ಸತ್ತಿದೆಯಾ? ಕುಡಿಯಬಹುದಾ, ಚೆಲ್ಲಬೇಕಾ?

ಕಾಫಿಯೇ_ದೇವರು · ರಾತ್ರಿ 9:20

ಚೆಲ್ಲಿ. ಆಮೇಲೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿಯಿರಿ. ಅದಕ್ಕೆ 18 ದಿನ ಕಾಯಬೇಕಿಲ್ಲ.

ಹುಳಿಮಜ್ಜಿಗೆ · ರಾತ್ರಿ 9:41

ತಾಳಿ, ಚೆಲ್ಲಬೇಡಿ. ಮೊದಲು ಹೇಳಿ. ಚುಕ್ಕೆ ಒದ್ದೆಯಾಗಿ ನುಣ್ಣಗಿದೆಯಾ, ಇಲ್ಲಾ ಒಣಗಿ ಹತ್ತಿಯ ಹಾಗೆ ಉಬ್ಬಿದೆಯಾ? ಹಸಿರು, ನೀಲಿ, ಕಪ್ಪು ಏನಾದರೂ ಕಾಣಿಸುತ್ತಿದೆಯಾ? ಹಿಂದಿನ ಬ್ಯಾಚಿನ ಹುಳಿ ನೀರು ಎಷ್ಟು ಹಾಕಿದಿರಿ? ಆ ಎರಡು ಚಮಚವೇನಾ?

ರಾಜಾಜಿನಗರ_ಹೊಸಬ · ರಾತ್ರಿ 9:48

ಎರಡು ಚಮಚವೇ ಸಾರ್. ಬಿಲ್ಲೆ ಇದೆಯಲ್ಲ, ಸಾಕು ಅಂದುಕೊಂಡೆ. ಚುಕ್ಕೆ ಸದ್ಯಕ್ಕೆ ಬಿಳಿ. ಹತ್ತಿಯಾ ನುಣುಪಾ ಗೊತ್ತಾಗುತ್ತಿಲ್ಲ.

ಹುಳಿಮಜ್ಜಿಗೆ · ರಾತ್ರಿ 10:05

ಸಾರ್ ಅಲ್ಲ, ಮೇಡಂ 🙂

ಎಡವಟ್ಟು ಅಲ್ಲೇ ಆಗಿದೆ. ಮಾರುವವರೂ ಹೇಳಲ್ಲ, ವಿಡಿಯೋ ಮಾಡುವವರೂ ಹೇಳಲ್ಲ. ಎಲ್ಲರೂ ಬಿಲ್ಲೆಗೆ ಪೂಜೆ ಮಾಡುತ್ತಾರೆ. ಬಿಲ್ಲೆ ಬರೀ ಕೆನೆ ಕಣ್ರೀ. ಹೆಪ್ಪು ಅಂದರೆ ಆ ಹುಳಿ ನೀರು. ಮೊಸರಿಗೆ ಹೆಪ್ಪು ಹಾಕುವಾಗ ಕೆನೆ ಮಾತ್ರ ತೆಗೆದು ಹಾಕುತ್ತೀರಾ?

ನನ್ನ ಲೆಕ್ಕ ಹೇಳುತ್ತೇನೆ, ಐದು ವರ್ಷದಿಂದ ಇದೇ. ಒಂದು ಲೀಟರಿಗೆ ಟೀ ಸೊಪ್ಪು 6ರಿಂದ 8 ಗ್ರಾಂ, ಸಕ್ಕರೆ 70 ಗ್ರಾಂ, ಹಿಂದಿನ ಬ್ಯಾಚಿನ ಚೆನ್ನಾಗಿ ಹುಳಿಯಾದ ನೀರು 150 ಮಿಲೀ. ಚಳಿಗಾಲದಲ್ಲಿ 200. ಅಂದರೆ ಈ ಚಳಿಗೆ ನಿಮ್ಮ ಜಾಡಿಗೆ ಎರಡು ಪಾವಿನಷ್ಟು ಬೇಕಿತ್ತು. ನೀವು ಹಾಕಿದ್ದು ತೀರ್ಥ.

ಕಾಫಿಯೇ_ದೇವರು · ರಾತ್ರಿ 10:09

ಪಾವು ಅಂದರೆ ಎಷ್ಟು ಮಿಲೀ ಮೇಡಂ? ಈಗಿನ ಮಕ್ಕಳಿಗೆ ತಿಳಿಯಲ್ಲ.

ಹುಳಿಮಜ್ಜಿಗೆ · ರಾತ್ರಿ 10:11

ಅರ್ಧ ಲೀಟರ್ ಬೇಕಿತ್ತು ಅಂತಿಟ್ಟುಕೊಳ್ಳಿ. ನಮ್ಮಮ್ಮನ ಪಾವು ನಮ್ಮಮ್ಮನಿಗೇ ಗೊತ್ತು.

ಲ್ಯಾಬ್‌ಕೋಟು · ಜನವರಿ 7, ಬೆಳಿಗ್ಗೆ 6:50

ಮೇಡಂ ಹೇಳಿದ್ದು ಸರಿ, ಆದರೆ ಮೊಸರಿನ ಹೋಲಿಕೆ ಪೂರ್ತಿ ಕೂಡಿ ಬರಲ್ಲ. ಕಾಸಿದ ಉಗುರುಬೆಚ್ಚನೆ ಹಾಲಿಗೆ ಅರ್ಧ ಚಮಚ ಹೆಪ್ಪು ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಮೊಸರು. ಸಿಹಿ ಟೀ ನಿಧಾನ. ಇಲ್ಲಿ ಹೆಪ್ಪಿಗೆ ಎರಡು ಕೆಲಸ. ಒಂದು, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ತರುವುದು. ಎರಡನೆಯದು, ಮೊದಲ ನಿಮಿಷದಿಂದಲೇ ಜಾಡಿಯನ್ನು ಹುಳಿ ಮಾಡಿಡುವುದು. ಶುರುವಿನಲ್ಲೇ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕೆಳಗಿದ್ದರೆ ಬೇಡದ ಅತಿಥಿಗಳಿಗೆ ಕಷ್ಟ. ನಿಮ್ಮ ಜಾಡಿಯಲ್ಲಿ ಅಷ್ಟು ದಿನ ಬರೀ ಸಿಹಿ ಟೀ ಬಾಯಿ ತೆರೆದು ಕೂತಿತ್ತು. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಛತ್ರ ಎಲ್ಲಿ ಸಿಗಬೇಕು?

ಒಳಗೆ ಆಗುವುದು ಇಷ್ಟು. ಯೀಸ್ಟ್ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಮಾಡಿ ಒಡೆಯುತ್ತದೆ. ಅದನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಬ್ಯಾಕ್ಟೀರಿಯಾ ಆ ಆಲ್ಕೋಹಾಲ್ ತೆಗೆದುಕೊಂಡು ವಿನೆಗರಿನ ಹುಳಿ ಮಾಡುತ್ತದೆ. ಅದಕ್ಕೆ ಗಾಳಿ ಬೇಕು, ಅದಕ್ಕೇ ಮುಚ್ಚಳದ ಬದಲು ಬಟ್ಟೆ. ಬಿಲ್ಲೆ ಅನ್ನುವುದು ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್. ಹತ್ತಿ ಬಟ್ಟೆಯಲ್ಲಿರುವುದೂ ಸೆಲ್ಯುಲೋಸೇ. ಅದು ಮುಳುಗಿದರೆ ಸತ್ತಿತು ಅಂತಲ್ಲ. ಮೇಲೆ ಹೊಸದು ಬರುತ್ತದೆ.

ಸೊಸೆ_ನಂ1 · ಬೆಳಿಗ್ಗೆ 8:30

ಬಿಲ್ಲೆ ವಿಷಯ ಬಂತಲ್ಲ, ನನ್ನ ಕಥೆ ಕೇಳಿ. ಮೂರು ತಿಂಗಳು ಸಾಕಿದ್ದೆ, ಒಂದು ಇಂಚು ದಪ್ಪ. ಊರಿಂದ ಅತ್ತೆ ಬಂದರು. ನಾನು ಆಫೀಸಿಂದ ವಾಪಸ್ ಬರುವಷ್ಟರಲ್ಲಿ ಜಾಡಿ ಫಳಫಳ ಹೊಳೆಯುತ್ತಾ ಬೋರಲು ಬಿದ್ದಿತ್ತು. “ಟೀ ಮಾಡಿ ಮರೆತು ಇಟ್ಟುಬಿಟ್ಟಿದ್ದೀಯಲ್ಲೇ, ಜಿರಳೆ ಹಾಗಿದ್ದ ಅದೇನೋ ಬಿದ್ದಿತ್ತು, ನಾನೇ ತೆಗೆದು ಬಿಸಾಕಿ ಹುಣಸೆಹಣ್ಣು ಹಾಕಿ ತಿಕ್ಕಿದೆ” ಅಂದರು. ನಾನು ಏನು ಹೇಳಲಿ? ಥ್ಯಾಂಕ್ಸ್ ಅತ್ತೆ ಅಂದೆ.

ಪುಣ್ಯಕ್ಕೆ ಫ್ರಿಜ್‌ನಲ್ಲಿ ಅರ್ಧ ಬಾಟಲಿ ಹುಳಿ ಕೊಂಬುಚಾ ಇತ್ತು. ಬಿಲ್ಲೆ ಇಲ್ಲದೆ ಅದರಲ್ಲೇ ಹೊಸ ಬ್ಯಾಚು ಹಾಕಿದೆ. ಎರಡು ವಾರಕ್ಕೆ ತಾನಾಗಿ ಹೊಸ ಕೆನೆ ಕಟ್ಟಿತು. ಹಾಗಾಗಿ ಹುಳಿಮಜ್ಜಿಗೆ ಅಕ್ಕನ ಮಾತಿಗೆ ನನ್ನದೂ ಒಂದು ವೋಟು.

ಜಯನಗರ_9ನೇ_ಮೇನ್ · ಬೆಳಿಗ್ಗೆ 9:02

ಆಲ್ಕೋಹಾಲ್ ಅಂದಿರಲ್ಲ ಲ್ಯಾಬ್‌ಕೋಟು ಅವರೇ. ಎಷ್ಟಿರುತ್ತದೆ? ನಮ್ಮ ಮನೆಯಲ್ಲಿ ಏಕಾದಶಿ ಮಾಡುತ್ತೇವೆ. ಅಮ್ಮನಿಗೂ ದಿನಾ ಅರ್ಧ ಲೋಟ ಕೊಡುತ್ತಿದ್ದೆ, ಈಗ ಭಯ ಆಯಿತು.

ಲ್ಯಾಬ್‌ಕೋಟು · ಬೆಳಿಗ್ಗೆ 9:30

ಇದ್ದೇ ಇರುತ್ತದೆ, ಸ್ವಲ್ಪ. ಅಂಗಡಿಯಲ್ಲಿ ಮಾರುವವರು ಶೇ. 0.5ರೊಳಗೆ ಇಡಲು ನೋಡುತ್ತಾರೆ, ಅದು ಮೀರಿದರೆ ನಮ್ಮ ಆಹಾರ ನಿಯಮದಲ್ಲಿ ಮದ್ಯದ ಸಾಲಿಗೆ ಹೋಗುತ್ತದೆ. ಮನೆಯಲ್ಲಿ ಹಣ್ಣು ಹಾಕಿ ಬಾಟಲಿ ಬಿಗಿದು ಬೆಚ್ಚಗೆ ಇಟ್ಟರೆ ಅದಕ್ಕಿಂತ ಜಾಸ್ತಿ ಆಗಬಹುದು. ನಾಲಿಗೆಗೆ ಗೊತ್ತಾಗಲ್ಲ. ಏಕಾದಶಿ ಬಗ್ಗೆ ನಾನು ಹೇಳುವವನಲ್ಲ.

ಕಾಫಿಯೇ_ದೇವರು · ಬೆಳಿಗ್ಗೆ 9:33

ದೋಸೆ ಹಿಟ್ಟು ಹುಳಿ ಬರುವಾಗಲೂ ಅಷ್ಟಿಷ್ಟು ಆಗುತ್ತದೆ, ಅದನ್ನೇನು ಮಾಡುತ್ತೀರಿ? ಓಹ್, ಏಕಾದಶಿ ದಿನ ದೋಸೆಯೂ ಇಲ್ಲ ಅಲ್ವಾ. ಬಿಡಿ.

ಹುಳಿಮಜ್ಜಿಗೆ · ಬೆಳಿಗ್ಗೆ 9:50

ತಮಾಷೆ ಬದಿಗಿಡಿ. ಅಮ್ಮನ ವಯಸ್ಸೆಷ್ಟು? ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆಲ್ಲ ಮನೆಯಲ್ಲಿ ಮಾಡಿದ್ದು ಕೊಡಬೇಡಿ. ಕೊಡಲೇಬೇಕು ಅಂದರೆ ಮೊದಲು ಡಾಕ್ಟರನ್ನು ಕೇಳಿ.

ಸಿಹಿ_ಕಡಿಮೆ · ಬೆಳಿಗ್ಗೆ 11:15

ನನಗೆ ಶುಗರ್. ಸಕ್ಕರೆಯೆಲ್ಲ ಬ್ಯಾಕ್ಟೀರಿಯಾ ತಿಂದುಬಿಡುತ್ತದೆ, ಧಾರಾಳವಾಗಿ ಕುಡಿಯಿರಿ ಅಂತ ಜಿಮ್ಮಿನ ಹುಡುಗ ಹೇಳಿದ. ಅದೂ ಅಲ್ಲದೆ ಲಿವರ್ ಕ್ಲೀನ್, ಕೂದಲು ಕಪ್ಪು, ಮಂಡಿ ನೋವು ಮಾಯ ಅಂತೆ. ನಿಜವಾ?

ಲ್ಯಾಬ್‌ಕೋಟು · ಬೆಳಿಗ್ಗೆ 11:40

ಎಲ್ಲ ತಿನ್ನಲ್ಲ. ಕುಡಿಯಲು ರುಚಿ ಇರುವ ಹಂತದಲ್ಲಿ ಒಳ್ಳೆ ಪಾಲು ಸಕ್ಕರೆ ಇನ್ನೂ ಉಳಿದಿರುತ್ತದೆ, ಅದಕ್ಕೇ ರುಚಿ. ಪೂರ್ತಿ ತಿಂದು ಮುಗಿಸಿದರೆ ಅದು ವಿನೆಗರ್. ಲಿವರ್, ಕೂದಲು, ಮಂಡಿಯದ್ದು ಜಿಮ್ಮಿನ ಹುಡುಗನನ್ನೇ ಕೇಳಿ. ಮನುಷ್ಯರ ಮೇಲೆ ದೊಡ್ಡದಾಗಿ ಪರೀಕ್ಷೆ ಮಾಡಿ ತೋರಿಸಿದ್ದು ತೀರಾ ಕಡಿಮೆ.

1995ರಲ್ಲಿ ಅಮೆರಿಕದ ಅಯೋವಾದಲ್ಲಿ ದಿನಾ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ಹೆಂಗಸರಿಗೆ ರಕ್ತದಲ್ಲಿ ಆಮ್ಲ ವಿಪರೀತ ಏರಿತು. ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣ ಅಂತ ಸಾಬೀತಾಗಲಿಲ್ಲ. ಆರೋಗ್ಯವಾಗಿ ಇರುವವರಿಗೆ ದಿನಕ್ಕೆ 4 ಔನ್ಸ್, ಅಂದರೆ ಸುಮಾರು 120 ಮಿಲೀ, ತೊಂದರೆ ಮಾಡಲಿಕ್ಕಿಲ್ಲ ಅಂತ ಅಲ್ಲಿಯ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬರೆಯಿತು. ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ. ಒಂದು ಕಾಫಿ ಲೋಟ.

ಮಾಸ್ಕೋ_ರಿಟರ್ನ್ · ಮಧ್ಯಾಹ್ನ 1:05

ಇದೇನೋ ಹೊಸ ಫ್ಯಾಷನ್ ಅನ್ನುವವರಿಗೆ: ನಾನು ರಷ್ಯಾದಲ್ಲಿ ಮೆಡಿಕಲ್ ಓದುವಾಗ ನಮ್ಮ ಮನೆ ಓನರ್ ಅಜ್ಜಿಯ ಕಿಟಕಿಯಲ್ಲಿ 3 ಲೀಟರಿನ ಜಾಡಿ ಯಾವಾಗಲೂ ಇರುತ್ತಿತ್ತು. ಬಾಯಿಗೆ ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆ. ಅವರು ಅದಕ್ಕೆ “ಚಾಯ್ನಿ ಗ್ರಿಬ್” ಅನ್ನುತ್ತಾರೆ, ಟೀ ಅಣಬೆ ಅಂತ. ಅಣಬೆ ಅಲ್ಲ, ನೋಡಲು ಹಾಗಿದೆ ಅಷ್ಟೇ. ಅದರ ಮೂಲ ಚೀನಾದ ಈಶಾನ್ಯ ಭಾಗ, ಮಂಚೂರಿಯಾ ಕಡೆ ಅನ್ನುತ್ತಾರೆ.

ಇನ್ನೊಂದು ತಮಾಷೆ. ಜಪಾನಿನಲ್ಲಿ ಕೊಂಬುಚಾ ಕೇಳಿದರೆ ಉಪ್ಪುಪ್ಪಾದ ಬಿಸಿ ನೀರು ಕೊಡುತ್ತಾರೆ. ಅಲ್ಲಿ ಕೊಂಬು ಅಂದರೆ ಸಮುದ್ರದ ಪಾಚಿ. ನಮ್ಮ ಈ ಹುಳಿ ಟೀಗೆ ಅವರು ಕೋಚಾ ಕಿನೋಕೋ ಅನ್ನುತ್ತಾರೆ. ಹೆಸರು ಎಲ್ಲೋ ದಾರಿಯಲ್ಲಿ ಅದಲುಬದಲಾಗಿದೆ.

ಕಾಫಿಯೇ_ದೇವರು · ಮಧ್ಯಾಹ್ನ 1:10

ನಾವು ಕನ್ನಡದಲ್ಲಿ ಏನನ್ನೋಣ? ಹುಳಿ ಟೀ? ಟೀ ಗಂಜಿ? ಟೀ ಅಂಬಲಿ?

ಸೊಸೆ_ನಂ1 · ಮಧ್ಯಾಹ್ನ 1:12

ನಮ್ಮತ್ತೆ ಇಟ್ಟ ಹೆಸರು “ಹಳಸಿದ್ದು”.

ವೈಟ್‌ಫೀಲ್ಡ್_ಬೋರ್‌ವೆಲ್ · ಮಧ್ಯಾಹ್ನ 2:40

ನೀರಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ಇಲ್ಲ, ಟ್ಯಾಂಕರ್ ಮತ್ತು ಬೋರ್. ಆ ನೀರಲ್ಲಿ ಹಾಕಿದ್ದು ಹುಳಿಗೆ ತಿರುಗಲೇ ತುಂಬ ದಿನ ಹಿಡಿಯಿತು. ಕುಡಿಯುವ ನೀರಿನ ಕ್ಯಾನ್ ತಂದು ಮಾಡಿದೆ, ಸರಿ ಹೋಯಿತು.

ಲ್ಯಾಬ್‌ಕೋಟು · ಮಧ್ಯಾಹ್ನ 3:00

ಗಡಸು ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಅದು ಹುಳಿಯನ್ನು ನುಂಗಿಕೊಳ್ಳುತ್ತದೆ, ಪಿಎಚ್ ಇಳಿಯಲು ತಡ. ಕಾವೇರಿ ನೀರಾದರೆ ಕ್ಲೋರಿನ್ ಹೋಗುವ ಹಾಗೆ ಚೆನ್ನಾಗಿ ಕುದಿಸಿ. ಟೀ ಮಾಡಲು ಹೇಗೂ ಕುದಿಸುತ್ತೀರಿ. ಆದರೆ ಆಮೇಲೆ ಜಾಡಿ ತುಂಬಿಸಲು ನಲ್ಲಿ ನೀರು ಸುರಿಯುತ್ತಾರಲ್ಲ, ಅಲ್ಲಿ ತಪ್ಪುತ್ತಾರೆ.

ತುಮಕೂರು_ರಸ್ತೆ · ಸಂಜೆ 4:18

ಗಾಜು ಯಾಕೆ? ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿ ಇದೆ, ಇಲ್ಲಾ ತಾಮ್ರದ ಬಿಂದಿಗೆ. ತಾಮ್ರ ಆರೋಗ್ಯಕ್ಕೆ ಒಳ್ಳೆಯದು ಅಂತಾರಲ್ಲ.

ಹುಳಿಮಜ್ಜಿಗೆ · ಸಂಜೆ 4:25

ಅಯ್ಯೋ ಬೇಡಪ್ಪಾ! ತಾಮ್ರದಲ್ಲಿ ಇಡುವುದು ನೀರು. ಹುಳಿ ಅಲ್ಲ. ಅಜ್ಜಿ ಹಿತ್ತಾಳೆ ಪಾತ್ರೆಗೆ ವರ್ಷ ವರ್ಷ ಕಲಾಯಿ ಯಾಕೆ ಹಾಕಿಸುತ್ತಿದ್ದರು? ಕಲಾಯಿ ಹೋದ ಪಾತ್ರೆಯಲ್ಲಿ ಸಾರು ಮಾಡಿದರೆ ಕಿಲುಬು ಬಿಟ್ಟು ವಾಂತಿ ಆಗುತ್ತಿತ್ತು ಅಂತ ತಾನೇ. ಇದು ಎರಡು ವಾರ ಕೂರುವ ಹುಳಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಮೂರೂ ಬೇಡ.

ಲ್ಯಾಬ್‌ಕೋಟು · ಸಂಜೆ 4:52

ಹಳೆ ಪಿಂಗಾಣಿ ಜಾಡಿಯೂ ಬೇಡ. ಒಳಗಿನ ಹೊಳಪಿನ ಲೇಪದಲ್ಲಿ ಸೀಸ ಇದೆಯೋ ಇಲ್ಲವೋ ಕಣ್ಣಿಗೆ ಕಾಣಲ್ಲ. ಆಸ್ಟ್ರೇಲಿಯಾದಲ್ಲಿ ಅಂಥ ಪಾತ್ರೆಯಲ್ಲಿ ಮಾಡಿ ತಿಂಗಳುಗಟ್ಟಲೆ ಕುಡಿದ ದಂಪತಿಗೆ ಸೀಸದ ವಿಷ ಏರಿದ್ದು ದಾಖಲಾಗಿದೆ.

ತುಮಕೂರು_ರಸ್ತೆ · ಸಂಜೆ 5:00

ನಮ್ಮಜ್ಜಿ 40 ವರ್ಷ ಅದೇ ಜಾಡಿಯ ಉಪ್ಪಿನಕಾಯಿ ತಿಂದು 91 ವರ್ಷ ಬದುಕಿದರು.

ಲ್ಯಾಬ್‌ಕೋಟು · ಸಂಜೆ 5:04

ಅಜ್ಜಿಗೆ ನಮಸ್ಕಾರ. ಉಪ್ಪಿನಕಾಯಿಯನ್ನು ಅವರು ಲೋಟಗಟ್ಟಲೆ ಕುಡಿಯುತ್ತಿರಲಿಲ್ಲ.

ಗೋಲಿಸೋಡಾ · ರಾತ್ರಿ 8:15

ನನ್ನ ಅನುಭವವನ್ನೂ ಬರೆದು ಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಜಾಡಿಯ ಹಂತ ಮುಗಿದ ಮೇಲೆ ಹಣ್ಣು ಹಾಕಿ ಬಾಟಲಿ ಬಿಗಿಯುತ್ತೇವಲ್ಲ, ಗ್ಯಾಸ್ ಬರಲಿ ಅಂತ. ಚಿಕ್ಕಪೇಟೆ ಸುತ್ತಾಡಿ ಚೆಂದ ಕಾಣುತ್ತದೆ ಅಂತ ಚೌಕ ಬಾಟಲಿ ತಂದೆ, ಆರು. ಏಪ್ರಿಲ್ ತಿಂಗಳು, ಮಾವಿನ ಹಣ್ಣು ಹಾಕಿ ಸಜ್ಜೆ ಮೇಲೆ ಇಟ್ಟು ಮೂರು ದಿನ ಊರಿಗೆ ಹೋದೆ. ಮೇಲ್ಗಡೆ ಮನೆಯವರು ಫೋನ್ ಮಾಡಿದರು, “ನಿಮ್ಮ ಮನೆಯಲ್ಲಿ ಪಟಾಕಿ ಸದ್ದು, ಸಿಲಿಂಡರ್ ನೋಡಿ” ಅಂತ.

ವಾಪಸ್ ಬಂದು ನೋಡಿದರೆ ಮೂರು ಬಾಟಲಿ ಪುಡಿಪುಡಿ. ಗಾಜು ದೇವರ ಮನೆ ಬಾಗಿಲವರೆಗೆ. ಮಾವಿನ ರಸ ಛಾವಣಿಯಲ್ಲಿ. ಮನೆಯಲ್ಲಿ ಯಾರೂ ಇರಲಿಲ್ಲ, ಅದೊಂದೇ ಪುಣ್ಯ. ಇರುವೆ ಸಾಲು ಮಾತ್ರ ಒಂದು ತಿಂಗಳು ಬಿಡಲಿಲ್ಲ.

ಚೌಕ ಬಾಟಲಿ ಮೂಲೆಯಲ್ಲೇ ಬಿರಿಯುತ್ತದೆ. ದುಂಡಗಿನ, ದಪ್ಪ ಗಾಜಿನ, ಸೋಡಾ ಒತ್ತಡ ತಡೆಯುವ ಬಾಟಲಿಯೇ ಬೇಕು. ಈಗ ಪ್ರತಿ ಬ್ಯಾಚಿಗೂ ಒಂದು ಹಳೆ ಸೋಡಾ ಪ್ಲಾಸ್ಟಿಕ್ ಬಾಟಲಿಯಲ್ಲಿ ಅದೇ ಮಾಲು ತುಂಬಿ ಪಕ್ಕದಲ್ಲಿ ಇಡುತ್ತೇನೆ. ಅದು ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ ಆಯಿತಾ, ಎಲ್ಲವನ್ನೂ ಫ್ರಿಜ್‌ಗೆ ಸೇರಿಸು. ಬೇಸಿಗೆಯಲ್ಲಿ ಒಂದೂವರೆ ದಿನ ಸಾಕು.

ಸೊಸೆ_ನಂ1 · ರಾತ್ರಿ 8:22

ಛಾವಣಿ ಒರೆಸಿದ್ದು ಯಾರು?

ಗೋಲಿಸೋಡಾ · ರಾತ್ರಿ 8:23

ನಾನೇ ಅಕ್ಕ. ಸ್ಟೂಲ್ ಹಿಡಿದುಕೊಳ್ಳಲೂ ಯಾರೂ ಬರಲಿಲ್ಲ.

ಬಸವನಗುಡಿ_ಬಡಾವಣೆ · ರಾತ್ರಿ 9:10

ಹಣ್ಣಿನ ವಿಷಯಕ್ಕೆ: ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಹಾಕಿ ನೋಡಿ. ಬಣ್ಣಕ್ಕೇ ಅರ್ಧ ಹೊಟ್ಟೆ ತುಂಬುತ್ತದೆ. ಮಳೆಗಾಲದ ಶುರುವಿಗೆ ನೇರಳೆ. ನೆಲ್ಲಿಕಾಯಿ, ಶುಂಠಿ ಯಾವಾಗಲೂ ಸರಿ. ಸಕ್ಕರೆ ಬದಲು ಮಂಡ್ಯದ ಬೆಲ್ಲ ಹಾಕುತ್ತೇನೆ ನಾನು, ಸೂಪರ್.

ಹುಳಿಮಜ್ಜಿಗೆ · ರಾತ್ರಿ 9:25

ಬೆಲ್ಲ ಹೊಸಬರಿಗೆ ಬೇಡ. ನಾನು ಮಾಡಿದಾಗ ಯೀಸ್ಟ್ ಜೋರಾಗಿ ಕೆನೆ ತೆಳ್ಳಗಾಯಿತು, ವಾಸನೆ ಕಬ್ಬಿನ ಗಾಣದ ಹಿತ್ತಲು. ಒಂದೊಂದು ಅಚ್ಚು ಒಂದೊಂದು ಥರ. ಮೊದಲು ಬಿಳಿ ಸಕ್ಕರೆಯಲ್ಲಿ ಕೈ ಪಳಗಲಿ.

ಬಸವನಗುಡಿ_ಬಡಾವಣೆ · ರಾತ್ರಿ 9:28

ನಿಮಗೆ ಬಂದದ್ದು ರಾಸಾಯನಿಕ ಬೆಲ್ಲ ಇರಬೇಕು. ಕಪ್ಪು ಬೆಲ್ಲ ಹಾಕಿ ನೋಡಿ.

ಹುಳಿಮಜ್ಜಿಗೆ · ರಾತ್ರಿ 9:30

ಅಂಗಡಿಯಿಂದ ತಂದದ್ದಲ್ಲ, ನಮ್ಮ ಚಿಕ್ಕಪ್ಪನ ಆಲೆಮನೆಯದ್ದು ಸ್ವಾಮಿ 🙂

ಕಾಫಿಯೇ_ದೇವರು · ರಾತ್ರಿ 9:34

ಈ ಚಳಿಯಲ್ಲಿ ಕೊಂಬುಚಾ ಬಿಡಿ, ಅವರೆಕಾಯಿ ಹೇಗಿದೆ ಈ ಸಲ? ನಮ್ಮ ಕಡೆ ಸೊಗಡೇ ಇಲ್ಲ.

ತುಮಕೂರು_ರಸ್ತೆ · ರಾತ್ರಿ 9:37

ಮಾಗಡಿ ಕಡೆಯದ್ದು ತನ್ನಿ. ಇಬ್ಬನಿ ಬಿದ್ದ ಕಾಯಿ, ಕೈಯೆಲ್ಲ ಅಂಟು. ನಿನ್ನೆ ಹಿತಕಿದ ಬೇಳೆ ಸಾರು ಮಾಡಿದ್ದೆವು.

ಮಾಡರೇಟರ್ · ರಾತ್ರಿ 9:40

ಅವರೆಕಾಯಿಗೆ ಬೇರೆ ಚರ್ಚೆ ನಡೆಯುತ್ತಿದೆ, ಅಲ್ಲಿಗೆ ಹೋಗಿ. ಇಲ್ಲಿ ಟೀ.

ರಾಜಾಜಿನಗರ_ಹೊಸಬ · ಜನವರಿ 9, ಬೆಳಿಗ್ಗೆ 7:05

ಬಿಳಿ ಚುಕ್ಕೆ ಇವತ್ತು ಬೆಳಿಗ್ಗೆ ನೀಲಿ-ಹಸಿರು ಆಗಿದೆ. ಹತ್ತಿಯ ಹಾಗೆ ಉಬ್ಬಿದೆ. ಹಳೆ ಬ್ರೆಡ್ ಮೇಲೆ ಬರುತ್ತದಲ್ಲ, ಅದೇ. ಮೇಲಿನದ್ದು ಚಮಚದಲ್ಲಿ ತೆಗೆದು ಕೆಳಗಿನ ಬಿಲ್ಲೆ ತೊಳೆದು ಇಟ್ಟುಕೊಳ್ಳಬಹುದಾ? 650 ರೂಪಾಯಿ ಕೊಟ್ಟಿದ್ದೆ.

ಹುಳಿಮಜ್ಜಿಗೆ · ಬೆಳಿಗ್ಗೆ 7:11

ಬೇಡ. ನೀರು, ಬಿಲ್ಲೆ, ಬಟ್ಟೆ ಎಲ್ಲ ಹೋಗಲಿ. ಜಾಡಿಯನ್ನು ಬಿಸಿನೀರು, ಸೋಪು ಹಾಕಿ ತೊಳೆದು ಬಿಸಿಲಿಗೆ ಇಡಿ. 650 ರೂಪಾಯಿ ಆಸೆಗೆ ಹೊಟ್ಟೆ ಕೆಡಿಸಿಕೊಳ್ಳಬೇಡಿ.

ಲ್ಯಾಬ್‌ಕೋಟು · ಬೆಳಿಗ್ಗೆ 7:30

ಒಂದು ಗುರುತು ಇಟ್ಟುಕೊಳ್ಳಿ. ಬೂಷ್ಟು ಯಾವಾಗಲೂ ಮೇಲೆ, ಗಾಳಿ ತಾಗುವ ಕಡೆ. ಒಣ, ರೋಮ ರೋಮ. ಕೆಳಗೆ ನೇತಾಡುವ ಕಂದು ದಾರ ಕಂಡರೆ ಅದು ಯೀಸ್ಟ್, ಹೆದರಬೇಡಿ. ಬೂಷ್ಟಿನ ಬೇರು, ಅದು ಬಿಟ್ಟ ವಿಷ ಕಣ್ಣಿಗೆ ಕಾಣಲ್ಲ, ಹಾಗಾಗಿ ಮೇಲಿನದ್ದು ಮಾತ್ರ ತೆಗೆಯುವ ಲೆಕ್ಕ ನಡೆಯಲ್ಲ.

ಚಳಿಯ ಪಾಲೂ ಇದೆ. ಇದಕ್ಕೆ 24ರಿಂದ 29 ಡಿಗ್ರಿ ಹಿತ. ಈಗ ರಾತ್ರಿ ಬೆಂಗಳೂರಿನಲ್ಲಿ 15–16ಕ್ಕೆ ಇಳಿಯುತ್ತದೆ. ನೀವು ಇಟ್ಟಿದ್ದು ಕಿಟಕಿ ಹತ್ತಿರ.

ಸೊಸೆ_ನಂ1 · ಬೆಳಿಗ್ಗೆ 7:48

ನಿಮ್ಮ ಮನೆಯ ದೋಸೆ ಹಿಟ್ಟು ಈಗ ಎಲ್ಲಿ ಉಬ್ಬುತ್ತದೆ ಅಂತ ಮನೆಯವರನ್ನು ಕೇಳಿ. ಆ ಜಾಗವೇ ಜಾಡಿಗೂ ಸರಿ. ನಮ್ಮಲ್ಲಿ ಫ್ರಿಜ್ ಹಿಂದುಗಡೆಯ ಸ್ಟೂಲ್. ಹಣ್ಣಿನ ಬುಟ್ಟಿ, ಕಸದ ಡಬ್ಬದ ಹತ್ತಿರ ಮಾತ್ರ ಬೇಡ, ಸಣ್ಣ ನೊಣ ಮುತ್ತುತ್ತದೆ. ಜಾಲರಿ ಬಟ್ಟೆ ಸಾಲದು, ಹಳೆ ಪಂಚೆ ಎರಡು ಮಡಿಕೆ.

ರಾಜಾಜಿನಗರ_ಹೊಸಬ · ಬೆಳಿಗ್ಗೆ 8:10

ಚೆಲ್ಲಿದೆ. ಮನೆಯವಳು ಏನೂ ಅನ್ನಲಿಲ್ಲ. ಫ್ರಿಜ್ ಮೇಲಿನ ಲೆಕ್ಕದ ಚೀಟಿಗೆ 650 ಸೇರಿಸಿದಳು.

ಹುಳಿಮಜ್ಜಿಗೆ · ಬೆಳಿಗ್ಗೆ 8:20

ಭಾನುವಾರ ಮಲ್ಲೇಶ್ವರ ಮಾರ್ಕೆಟ್ ಕಡೆ ಬರುತ್ತೀರಾ? ಮೆಸೇಜ್ ಮಾಡಿ. ಅರ್ಧ ಲೀಟರ್ ಹೆಪ್ಪು ಕೊಡುತ್ತೇನೆ, ಆರು ವಾರದ್ದು, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರುವಷ್ಟು ಹುಳಿ. ದುಡ್ಡು ಬೇಡ. ಬಿಲ್ಲೆ ಕೊಡಲ್ಲ, ಬೇಕಂತಲೇ ಕೊಡಲ್ಲ. ಅದಿಲ್ಲದೆ ಆಗುತ್ತದೋ ಇಲ್ಲವೋ ನೀವೇ ನೋಡಿ.

ಕಾಫಿಯೇ_ದೇವರು · ಬೆಳಿಗ್ಗೆ 8:24

ಸಂಕ್ರಾಂತಿಗೆ ಎಳ್ಳು ಬೆಲ್ಲದ ಬದಲು ಹೆಪ್ಪು ಹಂಚುತ್ತಿದ್ದಾರೆ ಮೇಡಂ.

ರಾಜಾಜಿನಗರ_ಹೊಸಬ · ಜನವರಿ 25, ಸಂಜೆ 6:30

ಸುದ್ದಿ ಇದೆ. 11ನೇ ತಾರೀಖು ಮೇಡಂ ಕೊಟ್ಟ ಅರ್ಧ ಲೀಟರ್ ಹೆಪ್ಪು, ಎರಡು ಲೀಟರ್ ಟೀ, 140 ಗ್ರಾಂ ಸಕ್ಕರೆ. ಧೂಳು ಟೀ ಬಿಟ್ಟು ಈ ಸಲ ಎಲೆ ಟೀ ತಂದೆ. ಜಾಡಿ ಫ್ರಿಜ್ ಪಕ್ಕ, ದೋಸೆ ಹಿಟ್ಟಿನ ನೆರೆಮನೆ.

ನಾಲ್ಕನೇ ದಿನ ಮೇಲೆ ಎಣ್ಣೆಯ ಹಾಗೆ ಪೊರೆ. ಎಂಟನೇ ದಿನ ಕಾಸಿದ ಹಾಲಿನ ಕೆನೆಯಷ್ಟು. ಇವತ್ತು 14ನೇ ದಿನ, ಅರ್ಧ ಸೆಂಟಿಮೀಟರ್ ದಪ್ಪ, ನುಣ್ಣಗೆ, ಬಿಳಿ. ಬಿಲ್ಲೆ ಹಾಕದೆ ಬಿಲ್ಲೆ ಬಂತು! ಪಿಎಚ್ ಪಟ್ಟಿ 3 ತೋರಿಸಿತು. ರುಚಿ ಹುಳಿ-ಸಿಹಿ, ಸೇಬಿನ ವಾಸನೆ. ಮನೆಯವಳು ಅರ್ಧ ಲೋಟ ಕುಡಿದು “ಪರವಾಗಿಲ್ಲ” ಅಂದಳು. ಇವಳ ಬಾಯಲ್ಲಿ ಪರವಾಗಿಲ್ಲ ಅಂದರೆ ಡಿಸ್ಟಿಂಕ್ಷನ್.

ಸಿಹಿ_ಕಡಿಮೆ · ಸಂಜೆ 6:41

ಅಭಿನಂದನೆ. ನಾನು ಕುಡಿಯಲ್ಲ, ಆದರೆ ಓದಿ ಖುಷಿ ಆಯಿತು. ಹುಳಿ ಜಾಸ್ತಿ ಆದದ್ದು ಇದ್ದರೆ ಹೇಳಿ, ಸಲಾಡಿಗೆ ವಿನೆಗರ್ ಬದಲು ಹಾಕಿಕೊಳ್ಳುತ್ತೇನೆ.

ಹುಳಿಮಜ್ಜಿಗೆ · ಸಂಜೆ 7:02

ಭೇಷ್! ಕುಡಿಯುವ ಮೊದಲು ಅರ್ಧ ಲೀಟರ್ ಎತ್ತಿಡಿ. ಅದು ಮುಂದಿನ ಬ್ಯಾಚಿನ ಹೆಪ್ಪು. ಫ್ರಿಜ್‌ಗೆ ಹಾಕಬೇಡಿ, ಹೊರಗೇ ಬಟ್ಟೆ ಕಟ್ಟಿ ಇಡಿ.

ಸೊಸೆ_ನಂ1 · ಸಂಜೆ 7:05

ನಾನು ಫ್ರಿಜ್‌ನಲ್ಲಿ ಇಟ್ಟದ್ದೇ ನನ್ನನ್ನು ಕಾಪಾಡಿತಲ್ಲ ಅಕ್ಕ?

ಹುಳಿಮಜ್ಜಿಗೆ · ಸಂಜೆ 7:09

ಅದು ನಿಮ್ಮ ಅದೃಷ್ಟ. ತಣ್ಣಗೆ ಇಟ್ಟರೆ ಬ್ಯಾಕ್ಟೀರಿಯಾ ಮಂಕಾಗಿ ಹೊಸ ಬ್ಯಾಚು ಏಳಲು ತಡ ಆಗುತ್ತದೆ. ಅತ್ತೆ ಬರುವ ಮನೆಗಾದರೆ ಫ್ರಿಜ್ಜೇ ಸರಿ, ಒಪ್ಪಿದೆ.

ಜಯನಗರ_9ನೇ_ಮೇನ್ · ಸಂಜೆ 7:30

ಹೊಸಬರೇ, ನಿಮ್ಮ ಹತ್ತಿರ ಹೆಪ್ಪು ಮಿಕ್ಕಿದರೆ ನನಗೂ ಸ್ವಲ್ಪ ಕೊಡಿ. ಅಮ್ಮನಿಗೆ ನಿಲ್ಲಿಸಿದ್ದೇನೆ, ನನಗೆ ಮಾತ್ರ.

ರಾಜಾಜಿನಗರ_ಹೊಸಬ · ಸಂಜೆ 7:38

ಮುಂದಿನ ಬ್ಯಾಚಿಗೆ ಖಂಡಿತ, ಫೆಬ್ರವರಿ ಎರಡನೇ ಶನಿವಾರ. ಬಾಟಲಿ ನೀವೇ ತನ್ನಿ. ಚೌಕದ್ದು ತಂದರೆ ಗೋಲಿಸೋಡಾ ಅವರ ಮನೆಗೆ ಕಳಿಸುತ್ತೇನೆ, ಛಾವಣಿ ತೋರಿಸುತ್ತಾರೆ.